ಅರ್ಧ ಮರೆಯಾದ ಅಡಿಕೆಯ ಗಾತ್ರ ಎಷ್ಟು? ಅಂಚಿಗೆ ವೃತ್ತ ಹೊಂದಿಸುವ ಲೆಕ್ಕ

ಹೊನ್ನಾವರದ ಕಡೆ ತೋಟದ ಮನೆಗಳಲ್ಲಿ ಅಂಗಳದ ತುಂಬ ಚಾಲಿ ಅಡಿಕೆ ಒಣಗುವುದನ್ನು ನಾವೆಲ್ಲ ನೋಡಿದ್ದೇವೆ. ಸುಲಿದ ಮೇಲೆ ಗಾತ್ರ, ಗುಣಮಟ್ಟ ನೋಡಿ ಆರಿಸುತ್ತಾರೆ. ದರವೂ ಅದನ್ನೇ ಅವಲಂಬಿಸುತ್ತದೆ. ಈ ಗಾತ್ರವನ್ನು ಮೊಬೈಲ್ ಫೋಟೋದಿಂದಲೇ ಅಳೆದರೆ ಹೇಗೆ? ಮಿನಿ ಪ್ರಾಜೆಕ್ಟ್‌ಗೆ ಒಳ್ಳೇ ವಿಷಯ. ಆದ್ರೆ ಒಂದು ತೊಡಕಿದೆ.

ಸುಲಿದ ಅಡಿಕೆ ಮೇಲಿನಿಂದ ಸುಮಾರು ದುಂಡಗೆ ಕಾಣುತ್ತದೆ. ಕ್ಯಾನಿ ಎಡ್ಜ್ ಡಿಟೆಕ್ಟರ್ ಅಂಚಿನ ಬಿಂದುಗಳನ್ನು ಕೊಡುತ್ತದೆ. ಅವುಗಳಿಗೆ ಹೊಂದಿಸಬೇಕಾದ ವೃತ್ತ ಪಿಯುಸಿಯಲ್ಲಿ ಕಲಿತದ್ದೇ:

ಎಕ್ಸ್² + ವೈ² + ಡಿ·ಎಕ್ಸ್ + ಇ·ವೈ + ಎಫ್ = 0

ಡಿ, ಇ, ಎಫ್ ಮೂರೂ ಇಲ್ಲಿ ರೇಖೀಯವಾಗಿವೆ. ಹಾಗಾಗಿ ಲೀಸ್ಟ್ ಸ್ಕ್ವೇರ್ಸ್ ಹಾಕಿದರೆ ಒಂದೇ ಸಲಕ್ಕೆ ಉತ್ತರ. ಪೂರ್ತಿ ಅಂಚು ಕಂಡರೆ ಉತ್ತರ ಚೆನ್ನಾಗೇ ಬರುತ್ತದೆ.

ರಾಶಿಯಲ್ಲಿ ಹಾಗಲ್ಲ. ಒಂದರ ಮೇಲೊಂದು ಬಿದ್ದು ಕೆಲವಕ್ಕೆ ಕಾಲು ಭಾಗ ಅಂಚು ಮಾತ್ರ ಕಾಣುತ್ತದೆ. ಆಗ ತ್ರಿಜ್ಯ ನಿಜಕ್ಕಿಂತ ಸಣ್ಣದಾಗಿ ಬರುತ್ತದೆ. ಯಾಕೆ?

ಈ ವಿಧಾನ ಕಡಿಮೆ ಮಾಡುವುದು 'ದೂರ − ತ್ರಿಜ್ಯ' ಎಂಬ ತಪ್ಪನ್ನಲ್ಲ, 'ದೂರ² − ತ್ರಿಜ್ಯ²' ಎಂಬುದನ್ನು. ತ್ರಿಜ್ಯ 40 ಪಿಕ್ಸೆಲ್ ಇದ್ದು ಬಿಂದು 1 ಪಿಕ್ಸೆಲ್ ಆಚೆ ಹೋದರೆ 41² − 40² = 81. ತ್ರಿಜ್ಯ 20 ಇದ್ದರೆ ಅದೇ 1 ಪಿಕ್ಸೆಲ್‌ಗೆ 21² − 20² = 41 ಮಾತ್ರ. ಅಂದ್ರೆ ಸಣ್ಣ ವೃತ್ತಕ್ಕೆ ದಂಡ ಕಮ್ಮಿ. ಲೆಕ್ಕ ಆ ಕಡೆಗೇ ಜಾರುತ್ತದೆ. ಇದು ಒಂದೇ ಕಡೆಗಿನ ತಪ್ಪು. ನೂರು ಫೋಟೋ ತೆಗೆದು ಸರಾಸರಿ ಮಾಡಿದ್ರೂ ಹೋಗಲ್ಲ. ನಷ್ಟ ಬೆಳೆಗಾರನಿಗೆ.

ಪರಿಹಾರಕ್ಕೆ ಎರಡು ಹೆಜ್ಜೆ.

1. ಪಕ್ಕದ ಅಡಿಕೆಯ ಬಿಂದುಗಳನ್ನು ಬಿಡಿ. ಇದಕ್ಕೆ ಫಿಶ್ಲರ್ ಮತ್ತು ಬೋಲ್ಸ್ 1981ರಲ್ಲಿ ಪ್ರಕಟಿಸಿದ ರಾನ್ಸಾಕ್ ಇದೆ: ಯಾವುದಾದರೂ ಮೂರು ಬಿಂದು ಆರಿಸಿ ವೃತ್ತ ಎಳೆಯಿರಿ, ಎಷ್ಟು ಬಿಂದು ಅದಕ್ಕೆ ಒಪ್ಪುತ್ತವೆ ಎಣಿಸಿ, ಹೆಚ್ಚು ಒಪ್ಪಿದ್ದನ್ನು ಇಟ್ಟುಕೊಳ್ಳಿ. ಅರ್ಧ ಬಿಂದುಗಳು ಸರಿಯಿದ್ದರೆ ಮೂರೂ ಸರಿ ಬೀಳುವ ಸಂಭವ 1/8. 35 ಸಲ ಪ್ರಯತ್ನಿಸಿದರೆ ಒಮ್ಮೆಯಾದರೂ ಸರಿ ಬೀಳುವ ಸಂಭವ ಶೇ. 99.

2. ಉಳಿದ ಬಿಂದುಗಳ ಮೇಲೆ 'ದೂರ − ತ್ರಿಜ್ಯ'ದ ವರ್ಗಗಳ ಮೊತ್ತವನ್ನೇ ಕಡಿಮೆ ಮಾಡಿ. ಇದು ರೇಖೀಯವಲ್ಲ; ಮೊದಲಿನ ಉತ್ತರದಿಂದ ಶುರುಮಾಡಿ ಗಾಸ್–ನ್ಯೂಟನ್ ವಿಧಾನದಲ್ಲಿ ಹಂತಹಂತವಾಗಿ ತಿದ್ದಬೇಕು.

ಇಷ್ಟಾದರೂ ತೀರಾ ಚಿಕ್ಕ ಕಮಾನನ್ನು ನಂಬಬೇಡಿ. ಕಾಣದ ಅಂಚನ್ನು ಯಾವ ಸೂತ್ರವೂ ತಂದುಕೊಡಲ್ಲ. ಅಂಥ ಅಡಿಕೆಯನ್ನು ಲೆಕ್ಕದಿಂದ ಬಿಡಿ, ಇಲ್ಲವೇ ರಾಶಿ ಹರವಿ ಇನ್ನೊಂದು ಫೋಟೋ ತೆಗೆಯಿರಿ.

ಪರೀಕ್ಷಿಸಲು ಅಡಿಕೆಯೇ ಬೇಕಿಲ್ಲ. ಒಂದು ನಾಣ್ಯದ ಮುಕ್ಕಾಲು ಭಾಗ ಕಾಗದದಿಂದ ಮುಚ್ಚಿ ಎರಡೂ ವಿಧಾನ ಓಡಿಸಿ. ಉತ್ತರಗಳನ್ನು ಸ್ಕೇಲಿನ ಅಳತೆಯ ಜೊತೆ ಹೋಲಿಸಿ.