ಗುಂಗುರು ಕೂದಲಿನ ಬೆಕ್ಕು

ಬೆಕ್ಕಿನ ಮೈಗೂದಲು ನೇರವಾಗಿಯೂ ನುಣುಪಾಗಿಯೂ ಇರುವುದು ಸಾಮಾನ್ಯ. ೧೯೫೦ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಬಾಡ್ಮಿನ್ ಮೂರ್ ಎಂಬ ಬೀಳುಬಯಲಿನ ಮನೆಯೊಂದರಲ್ಲಿ ಸಾಧಾರಣ ಬೆಕ್ಕು ಹಾಕಿದ ಮರಿಗಳಲ್ಲಿ ಒಂದಕ್ಕೆ ಮಾತ್ರ ಮೈಯೆಲ್ಲ ಅಲೆಯಲೆಯಾದ ಗುಂಗುರು ಕೂದಲಿದ್ದಿತು. ಕ್ಯಾಲಿಬಂಕರ್ ಎಂದು ಹೆಸರಾದ ಆ ಗಂಡುಮರಿಯೇ ಇಂದಿನ ‘ಕಾರ್ನಿಷ್ ರೆಕ್ಸ್’ ತಳಿಯ ಮೂಲಪುರುಷ. ಮೊಲಗಳಲ್ಲಿ ರೆಕ್ಸ್ ಎಂಬ ತಳಿ ಮೊದಲೇ ಇದ್ದುದರಿಂದ ಆ ಹೆಸರೇ ಬೆಕ್ಕಿಗೂ ಬಂದಿತು. ಲ್ಯಾಟಿನ್ ಭಾಷೆಯಲ್ಲಿ ರೆಕ್ಸ್ ಎಂದರೆ ಅರಸು. ಬೆಕ್ಕಿನ ಗತ್ತಿಗೆ ಒಪ್ಪುವ ಹೆಸರೇ ಸರಿ.

ಹತ್ತು ವರ್ಷಗಳ ತರುವಾಯ ನೆರೆಯ ಡೆವನ್ ಪ್ರಾಂತದಲ್ಲಿ ಇಂಥದೇ ಇನ್ನೊಂದು ಮರಿ, ಕರ್ಲೀ, ಕಾಣಿಸಿಕೊಂಡಿತು. ಎರಡೂ ಒಂದೇ ಬಗೆಯವೆಂದು ಭಾವಿಸಿ ಕರ್ಲೀಯನ್ನು ಕಾರ್ನಿಷ್ ಹೆಣ್ಣುಗಳೊಡನೆ ಕೂಡಿಸಿದರು. ಹುಟ್ಟಿದ ಮರಿಗಳಿಗೆಲ್ಲ ನೇರವಾದ ಕೂದಲು! ಇದರ ಕಾರಣ ಹೀಗಿದೆ. ಈ ಎರಡು ಗುಂಗುರುಗಳೂ ಅಪ್ರಬಲ ಗುಣಗಳು; ತಾಯಿತಂದೆಗಳಿಬ್ಬರಿಂದಲೂ ಬದಲಾದ ವಂಶವಾಹಿ ಬಂದರೆ ಮಾತ್ರ ಪ್ರಕಟವಾಗುತ್ತವೆ. ಎರಡು ತಳಿಗಳಲ್ಲಿ ಬದಲಾಗಿದ್ದುದು ಬೇರೆ ಬೇರೆ ವಂಶವಾಹಿಗಳಾದ್ದರಿಂದ, ಮಿಶ್ರ ಮರಿಗಳಿಗೆ ಪ್ರತಿಯೊಂದರ ಸರಿಯಾದ ಪ್ರತಿಯೂ ಒಂದೊಂದು ದೊರೆತಿದ್ದಿತು. ಕೇವಲ ಬೆಕ್ಕುಗಳನ್ನು ಕೂಡಿಸಿ ಕಂಡುಕೊಂಡ ಈ ಸತ್ಯವನ್ನು ಅರ್ಧ ಶತಮಾನದ ಮೇಲೆ ಪ್ರಯೋಗಶಾಲೆಗಳು ಸಮರ್ಥಿಸಿದವು. ಡೆವನ್ ರೆಕ್ಸ್‌ನಲ್ಲಿ ಕೆಟ್ಟಿರುವುದು ಕೆರಾಟಿನ್-೭೧ ಎಂಬ ಪ್ರೋಟೀನಿನ ವಂಶವಾಹಿಯೆಂದು ೨೦೧೦ರಲ್ಲಿ ಗೊತ್ತಾಯಿತು. ಕಾರ್ನಿಷ್ ತಳಿಯದು ಬೇರೊಂದೆಂದು ೨೦೧೩ರಲ್ಲಿ ತಿಳಿಯಿತು. ಅದೇ ಕೆರಾಟಿನ್ ವಂಶವಾಹಿಯಲ್ಲಿ ಮತ್ತೊಂದು ಬದಲಾವಣೆಯಾದರೆ ಸ್ಫಿಂಕ್ಸ್ ಎಂಬ ಬೋಳುಮೈಯ ಬೆಕ್ಕು ಹುಟ್ಟುವುದೆಂಬುದು ಸೋಜಿಗದ ಸಂಗತಿ. ೧೯೮೭ರಲ್ಲಿ ಅಮೆರಿಕದಲ್ಲಿ ಕಂಡುಬಂದ ಸೆಲ್ಕರ್ಕ್ ರೆಕ್ಸ್‌ನ ಗುಂಗುರಾದರೋ ಪ್ರಬಲ ಗುಣ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು.

ಮನೆಗೆ ಇಂಥ ಬೆಕ್ಕನ್ನು ತರಬಯಸುವವರು ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಕೂದಲು ಕಡಮೆಯಾದ್ದರಿಂದ ಇವು ಅಲರ್ಜಿಯನ್ನು ಉಂಟುಮಾಡವೆಂದು ಮಾರುವವರು ಹೇಳುವುದುಂಟು. ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣವಾದ ಪ್ರೋಟೀನು ಅದರ ಜೊಲ್ಲಿನಲ್ಲಿಯೂ ಚರ್ಮದ ಜಿಡ್ಡಿನ ಗ್ರಂಥಿಗಳಲ್ಲಿಯೂ ಹುಟ್ಟುತ್ತದೆಯೇ ಹೊರತು ಕೂದಲಿನಲ್ಲಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ಅವರನ್ನು ಕೆಲವು ಸಲ ಆ ಬೆಕ್ಕಿನ ಬಳಿ ಕುಳ್ಳಿರಿಸಿ ನೋಡದೆ ಕೊಳ್ಳಬಾರದು. ವೈದ್ಯರ ಅಭಿಪ್ರಾಯವನ್ನೂ ಕೇಳಬೇಕು.

ಡೆವನ್ ಮರಿಯನ್ನು ಆರಿಸುವಾಗ ಇನ್ನೂ ಗಂಭೀರವಾದ ಪ್ರಶ್ನೆಯೊಂದಿದೆ. ಈ ತಳಿಯಲ್ಲಿ ನರದ ಸಂದೇಶವು ಸ್ನಾಯುವಿಗೆ ಸರಿಯಾಗಿ ದಾಟದ ಆನುವಂಶಿಕ ರೋಗವೊಂದುಂಟು. ಹುಟ್ಟಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮರಿಯ ಕತ್ತು ಜೋಲುತ್ತದೆ, ನಡೆ ಕುಗ್ಗುತ್ತದೆ, ನುಂಗುವುದು ಕಷ್ಟವಾಗುತ್ತದೆ. ಆಹಾರ ಗಂಟಲಲ್ಲಿ ಸಿಕ್ಕಿ ಸಾಯುವುದೂ ಉಂಟು. ಇದೂ ಅಪ್ರಬಲವೇ. ಆದ್ದರಿಂದ ನೋಟಕ್ಕೆ ಸಂಪೂರ್ಣ ಆರೋಗ್ಯವಾಗಿರುವ ಎರಡು ವಾಹಕ ಬೆಕ್ಕುಗಳು ಕೂಡಿದಾಗ ಹುಟ್ಟುವ ಪ್ರತಿ ಮರಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಕೆನ್ನೆಯ ಒಳಗಿನಿಂದ ತೆಗೆದ ಕೋಶಗಳಿಂದಲೇ ವಾಹಕವನ್ನು ಗುರುತಿಸುವ ಪರೀಕ್ಷೆ ಈಗ ಇದೆ. ತಾಯಿತಂದೆಗಳ ಪರೀಕ್ಷಾಪತ್ರವನ್ನು ತೋರಿಸಲೊಪ್ಪದ ಮಾರಾಟಗಾರರಿಂದ, ಮರಿ ಎಷ್ಟೇ ಮುದ್ದಾಗಿದ್ದರೂ, ಕೊಳ್ಳದಿರುವುದೇ ಲೇಸು.

ಉಳಿದ ಆರೈಕೆ ಕಠಿನವಲ್ಲ. ತೆಳುಗೂದಲಿನ ರೆಕ್ಸ್‌ಗಳಿಗೆ ಚಳಿ ಬೇಗ ತಟ್ಟುತ್ತದೆ, ಕಡುಬಿಸಿಲೂ ಸಲ್ಲದು. ಡೆವನ್ ಬೆಕ್ಕಿನ ದೊಡ್ಡ ಕಿವಿಗಳಲ್ಲಿ ಕೂಡುವ ಜಿಡ್ಡುಗುಗ್ಗೆಯನ್ನು ಆಗಾಗ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಗಟ್ಟಿಯಾಗಿ ಬಾಚಿದರೆ ಕೂದಲು ತುಂಡಾಗುತ್ತದೆ. ಒದ್ದೆ ಮಾಡಿದ ಅಂಗೈಯಿಂದ ನೇವರಿಸಿದರೆ ಸಾಕು. ಮೀಸೆಯೂ ಗುಂಗುರಾಗಿದ್ದು ಮೊಟಕಾಗಿ ಮುರಿದಿರುವುದನ್ನು ಕಂಡು ಗಾಬರಿಗೊಳ್ಳಬೇಕಾಗಿಲ್ಲ.