ಮೋಲ್ ಲೆಕ್ಕವೂ ಗೊಬ್ಬರದ ಚೀಲವೂ



ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಹತ್ತನೆಯವರೆಗೆ ಓದಿದ ನಮ್ಮ ಮಕ್ಕಳು ಹನ್ನೊಂದನೆಯ ವಿಜ್ಞಾನಕ್ಕೆಂದು ಸೊಲ್ಲಾಪುರಕ್ಕೆ ಹೋದರೆ ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ರಸಾಯನಶಾಸ್ತ್ರದ ಆರಂಭದಲ್ಲಿಯೇ ಮೋಲ್ ಲೆಕ್ಕ ಎದುರಾಗುತ್ತದೆ. ಅಲ್ಲಿಯೇ ಕೈಚೆಲ್ಲಿ ದೀಪಾವಳಿಯೊಳಗೆ ವಿಜ್ಞಾನ ಬಿಟ್ಟು ಬಂದ ಮಕ್ಕಳನ್ನು ನಾನು ಬಲ್ಲೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಒಂಬತ್ತನೆಯಲ್ಲಿ ಕನ್ನಡದಲ್ಲಿಯೇ ಬಂದಿದ್ದ ಪಾಠ ಬರಿ ಬಾಯಿಪಾಠವಾಗಿ ಹೋಗಿತ್ತು, ಅಷ್ಟೆ. ನಾನು ಓದಿದ್ದು ವಾಣಿಜ್ಯ. ಈ ಲೆಕ್ಕ ನನಗೆ ತಿಳಿದದ್ದೂ ಅಂಗಡಿಯ ದಾರಿಯಿಂದಲೇ.

ಒಂದು ಡಜನ್ ಲಿಂಬೆಹಣ್ಣು, ಒಂದು ಡಜನ್ ತೆಂಗಿನಕಾಯಿ: ಎಣಿಕೆ ಒಂದೇ, ತೂಕ ಬೇರೆ. ಮೋಲ್ ಎಂಬುದೂ ಡಜನ್ನಿನಂತೆ ಒಂದು ಎಣಿಕೆ. 602 ಬರೆದು ಮುಂದೆ 21 ಸೊನ್ನೆ ಇಟ್ಟರೆ ಹೆಚ್ಚುಕಡಿಮೆ ಆ ಸಂಖ್ಯೆ ಬರುತ್ತದೆ. 2019ರಲ್ಲಿ ಅದನ್ನು ಜಗತ್ತಿಗೆಲ್ಲ ಒಂದೇ ಆಗಿ ಖಚಿತಗೊಳಿಸಿದ್ದಾರೆ. ಇಷ್ಟು ಅಣುಗಳನ್ನು ಎಣಿಸುವವರು ಯಾರು? ನಟ್ಟು ಬೋಲ್ಟಿನ ವ್ಯಾಪಾರಿ ಒಂದೊಂದಾಗಿ ಎಣಿಸುತ್ತಾನೆಯೆ? ನೂರರ ತೂಕ ನೋಡಿಕೊಂಡು ಉಳಿದದ್ದನ್ನು ತಕ್ಕಡಿಗೆ ಬಿಡುತ್ತಾನೆ. ರಸಾಯನಶಾಸ್ತ್ರದವರು ಮಾಡುವುದೂ ಅದನ್ನೇ. ಅಣುತೂಕವನ್ನು ಗ್ರಾಮಿನಲ್ಲಿ ತೂಗಿದರೆ ಒಂದು ಮೋಲ್. ನೀರಾದರೆ 18 ಗ್ರಾಂ, ಸಕ್ಕರೆಯಾದರೆ 342 ಗ್ರಾಂ.

ಈಗ ಯೂರಿಯಾ ನೋಡೋಣ. ಅದರ ಒಂದು ಅಣುವಿನಲ್ಲಿ ಇಂಗಾಲ ಒಂದು (12), ಆಮ್ಲಜನಕ ಒಂದು (16), ಸಾರಜನಕ ಎರಡು (28), ಜಲಜನಕ ನಾಲ್ಕು (4). ಒಟ್ಟು 60. ಚೀಲ 45 ಕೆಜಿ, ಅಂದರೆ 45,000 ಗ್ರಾಂ. 60ರಿಂದ ಭಾಗಿಸಿದರೆ 750 ಮೋಲ್. ಪ್ರತಿ ಮೋಲಿನಲ್ಲಿ ಸಾರಜನಕ 28 ಗ್ರಾಂ. 750 ಸಲ 28 ಎಂದರೆ 21 ಕೆಜಿ. ಚೀಲದ ಮೇಲೆ ಶೇಕಡಾ 46 ಎಂದಿರುತ್ತದೆ, ಆ ಲೆಕ್ಕಕ್ಕೆ 20.7 ಕೆಜಿ. ಗೊಬ್ಬರ ಪೂರ್ತಿ ಶುದ್ಧವಿರುವುದಿಲ್ಲವಾದ್ದರಿಂದ ಈ ಅಲ್ಪ ವ್ಯತ್ಯಾಸ.

ಅಮೋನಿಯಂ ಸಲ್ಫೇಟಿನ ಒಂದು ಮೋಲಿನಲ್ಲಿಯೂ ಸಾರಜನಕ 28 ಗ್ರಾಮೇ, ಆದರೆ ಮೋಲಿನ ತೂಕ 132. ಅದೇ 45 ಕೆಜಿಗೆ ಸಾರಜನಕ ಒಂಬತ್ತೂವರೆ ಕೆಜಿ ಮಾತ್ರ. ಗಂಧಕ ಸಿಗುತ್ತದೆ, ಅದು ಬೇರೆ ಲಾಭ. ಕೃಷಿ ಇಲಾಖೆಯವರು ಹೇಳುವುದು ಸಾರಜನಕದ ಕೆಜಿ, ಅಂಗಡಿಯವರು ಹೇಳುವುದು ಚೀಲ. ನಡುವಿನ ಲೆಕ್ಕವನ್ನು ಮಗನಿಂದ ಮಾಡಿಸಿರಿ. ಅವನ ಪಾಠವೂ ಆಯಿತು, ನಿಮ್ಮ ಹಣವೂ ಉಳಿಯಿತು.

ಸಮೀಕರಣವೆಂದರೆ ಜಮಾ-ಖರ್ಚಿನ ಪುಸ್ತಕ, ಎರಡೂ ಕಡೆ ತಾಳೆಯಾಗಲೇಬೇಕು. ಭಟ್ಟಿಗೆ 100 ಕೆಜಿ ಶುದ್ಧ ಸುಣ್ಣದ ಕಲ್ಲು ಹಾಕಿದರೆ ಬರುವ ಸುಟ್ಟ ಸುಣ್ಣ 56 ಕೆಜಿ. ಮಠದಲ್ಲಿ ಸಾಯಂಕಾಲ ಪಾಠಕ್ಕೆ ಕೂಡುವ ಹುಡುಗನೊಬ್ಬ, "ಉಳಿದ 44 ಯಾರು ಒಯ್ದರ್ರೀ?" ಎಂದು ಕೇಳಿದ. ಗಾಳಿ ಒಯ್ದಿತ್ತು, ಇಂಗಾಲದ ಡೈಆಕ್ಸೈಡಾಗಿ. ಅಂದಿನಿಂದ ಅವನು ಸೂತ್ರ ಕೇಳುವುದನ್ನು ಬಿಟ್ಟು ತಾಳೆ ನೋಡತೊಡಗಿದ್ದಾನೆ.

ಮಕ್ಕಳಿಗೊಂದು ಲೆಕ್ಕ: ಡಿಎಪಿ ಚೀಲದ ಮೇಲಿನ 46 ನೇರವಾಗಿ ರಂಜಕದ್ದಲ್ಲ. ಎರಡು ರಂಜಕ, ಐದು ಆಮ್ಲಜನಕ ಕೂಡಿದ ಪೆಂಟಾಕ್ಸೈಡಿನ ರೂಪದಲ್ಲಿ ಹೇಳಿದ ಅಂಕಿ. ರಂಜಕದ ಪರಮಾಣು ತೂಕ 31, ಆಮ್ಲಜನಕದ್ದು 16. 50 ಕೆಜಿ ಚೀಲದಲ್ಲಿ ರಂಜಕವೆಷ್ಟು? ಉತ್ತರ 10 ಕೆಜಿಯ ಆಸುಪಾಸು ಬರಬೇಕು. ಬಾರದಿದ್ದವರು ವಹಿ ತೆಗೆದುಕೊಂಡು ಮಠಕ್ಕೆ ಬರಲಿ.