ಹೆಸರು ಹಿಡಿದು ಹುಡುಕುವ ಯಂತ್ರಸೇವಕ



ಹಗಲು ಹತ್ತರ ಸುಮಾರಿಗೆ ಉಪನಗರದ ಯಾವುದಾದರೊಂದು ನಿಲ್ದಾಣದಲ್ಲಿ ನಿಂತರೆ, ತಲೆಯ ಮೇಲೆ ಊಟದ ಡಬ್ಬಿಗಳ ಉದ್ದನೆಯ ಹಲಗೆಯನ್ನು ಹೊತ್ತ ಡಬ್ಬಾವಾಲಾಗಳು ನಮ್ಮ ಕಣ್ಣಿಗೆ ಬೀಳುವರು. ಮಹಾದೇವ ಹಾವಜಿ ಬಚ್ಚೆಯವರು 1890ರಲ್ಲಿ ಆರಂಭಿಸಿದರೆಂದು ಹೇಳಲಾಗುವ ಈ ಉದ್ಯೋಗವು, 2020ರ ಮಹಾಮಾರಿಯ ತರುವಾಯ ಕುಗ್ಗಿದೆಯಾದರೂ ನಿಂತಿಲ್ಲ. ಒಂದು ಡಬ್ಬಿಯು ದಾರಿಯಲ್ಲಿ ಹಲವರ ಕೈ ಬದಲಿಸುತ್ತದೆ. ಅವರಲ್ಲಿ ಯಾರೊಬ್ಬರೂ ನಗರದ ಎಲ್ಲ ವಿಳಾಸಗಳನ್ನು ಬಾಯಿಪಾಠ ಮಾಡಿಲ್ಲ. ಮುಚ್ಚಳದ ಮೇಲೆ ಬಣ್ಣದಿಂದ ಬರೆದ ಅಕ್ಷರಗಳೂ ಅಂಕಿಗಳೂ ಇಳಿಯಬೇಕಾದ ನಿಲ್ದಾಣ, ಸೇರಬೇಕಾದ ಕಟ್ಟಡ, ಏರಬೇಕಾದ ಮಹಡಿ ಇವುಗಳನ್ನು ತಿಳಿಸುತ್ತವೆ. ಗುರುತು ಸರಿಯಾಗಿದ್ದರೆ ಊಟವೂ ಸರಿಯಾದ ಕೈ ಸೇರುತ್ತದೆ.

ಇದೇ ತತ್ತ್ವವು ಇಂದು ಮನೆಯೊಳಗೂ ಕಾಲಿಟ್ಟಿದೆ. ದೀಪ, ಫ್ಯಾನು, ಗೀಸರು, ಬಾಗಿಲಿನ ಬೀಗ ಮುಂತಾದವುಗಳನ್ನು ಜಾಲಕ್ಕೆ ಜೋಡಿಸಿ ದೂರದಿಂದ ನಡೆಸಬಲ್ಲ ಮನೆಗೆ ಸ್ಮಾರ್ಟ್ ಹೋಮ್ ಎನ್ನುತ್ತಾರೆ. ನಮ್ಮ ಮಾತನ್ನು ಅರಿತು, ನಮ್ಮ ಪರವಾಗಿ ಈ ಉಪಕರಣಗಳನ್ನು ನಡೆಸುವ ಕೃತಕ ಬುದ್ಧಿಮತ್ತೆಯ ಸೇವಕನಿಗೆ ಏಜೆಂಟ್ ಎಂದು ಹೆಸರು. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಆರಂಭಿಸಿದ ಹೋಮ್ ಅಸಿಸ್ಟಂಟ್ ಎಂಬ ತಂತ್ರಾಂಶವು ಇಂತಹ ಮನೆಗಳಿಗೆ ಒಂದು ಪ್ರಸಿದ್ಧ ಉದಾಹರಣೆ. ಅದರಲ್ಲಿ ಪ್ರತಿಯೊಂದು ಉಪಕರಣಕ್ಕೂ ಒಂದು ಗುರುತಿನ ಹೆಸರುಂಟು. 'ಲೈಟ್.ಕಿಚನ್' ಎಂಬಲ್ಲಿ ಚುಕ್ಕೆಯ ಮೊದಲಿನ ಮಾತು ಜಾತಿಯನ್ನೂ ಅನಂತರದ ಮಾತು ಹೆಸರನ್ನೂ ಸೂಚಿಸುತ್ತದೆ. ಅದು ಯಾವ ಕೋಣೆಯಲ್ಲಿದೆ ಎಂಬುದನ್ನೂ ಬೇರೆಯಾಗಿ ದಾಖಲಿಸಬಹುದು.

ಒಂದು ದೊಡ್ಡ ಮನೆಯಲ್ಲಿ ಇಂತಹ ಹೆಸರುಗಳು ನೂರಾರು ಇರಬಹುದು. ಪ್ರತಿಯೊಂದು ಅಪ್ಪಣೆಗೂ ಇಡೀ ಪಟ್ಟಿಯನ್ನು ಏಜೆಂಟನ ಮುಂದೆ ಹರಡಿದರೆ ಏನಾದೀತು? ಅದು ಒಮ್ಮೆಗೆ ಓದಬಲ್ಲ ಬರಹಕ್ಕೆ ಮಿತಿಯುಂಟು. ಕಾಲವೂ ಹಣವೂ ವ್ಯರ್ಥವಾಗುತ್ತವೆ. ಒಂದನ್ನೊಂದು ಹೋಲುವ ಹೆಸರುಗಳ ನಡುವೆ ತಪ್ಪುವ ಸಂಭವವೂ ಹೆಚ್ಚು. ಆದುದರಿಂದ ಅದಕ್ಕೆ ಹುಡುಕುವ ಸಾಧನವೊಂದನ್ನು ಕೊಡುತ್ತಾರೆ. "ಅಡುಗೆಮನೆಯ ದೀಪ ಆರಿಸು" ಎಂದೊಡನೆ ಏಜೆಂಟನು, ಜಾತಿ ದೀಪ, ಸ್ಥಳ ಅಡುಗೆಮನೆ ಎಂದು ಸಾಧನವನ್ನು ಕೇಳುತ್ತದೆ. ಸಾಧನವು ಹೊಂದುವ ಒಂದೆರಡು ಹೆಸರುಗಳನ್ನು ಮಾತ್ರ ಮರಳಿಸುತ್ತದೆ. ಅನಂತರವೇ ಕಾರ್ಯ. ಮೊದಲು ಹುಡುಕುವುದು, ಬಳಿಕ ಮುಟ್ಟುವುದು: ಈ ಕ್ರಮವೇ ಇಲ್ಲಿಯ ಸಾರ.

ಆದರೆ ಮನುಷ್ಯರು ಗುರುತಿನ ಹೆಸರನ್ನೇ ಆಡುವುದಿಲ್ಲ. ಅಜ್ಜಿ "ಪಡಸಾಲೆಯ ದೀಪ" ಎನ್ನುವರು. ಪಟ್ಟಿಯಲ್ಲಿರುವುದು 'ಹಾಲ್ ಲೈಟ್'. ಇದಕ್ಕೆ ಎರಡು ಉಪಾಯಗಳುಂಟು. ಮೊದಲನೆಯದು, ಒಂದೇ ಉಪಕರಣಕ್ಕೆ ಅಡ್ಡಹೆಸರುಗಳನ್ನು ಬರೆದಿಡುವುದು. ಎರಡನೆಯದು, ಮಾತುಗಳನ್ನು ಸಂಖ್ಯೆಗಳ ಸಾಲುಗಳಾಗಿ ಮಾರ್ಪಡಿಸಿ, ಅರ್ಥದಲ್ಲಿ ಸಮೀಪವಾದವುಗಳನ್ನು ಆರಿಸುವುದು. ಮನೆಯ ಯಂತ್ರಕ್ಕೆ ಅಜ್ಜಿಯ ಕನ್ನಡವೂ ತಿಳಿಯಬೇಕಾದರೆ ಪಡಸಾಲೆ, ಬಚ್ಚಲುಮನೆ ಎಂಬ ಹೆಸರುಗಳನ್ನು ನಾವೇ ಸೇರಿಸಿಡಬೇಕು. ಇಲ್ಲವಾದರೆ ತನ್ನ ಮನೆಯಲ್ಲಿಯೇ ಆಕೆ ಪರಕೀಯಳಾಗುವಳು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಮನೆಯವರೆಲ್ಲರೂ ಊರಿಗೆ ಹೊರಟಾಗ ಒಬ್ಬ ಹುಡುಗನು "ಎಲ್ಲವನ್ನೂ ಆರಿಸು" ಎಂದನೆಂದು ಭಾವಿಸೋಣ. ಶೀತಕಪೆಟ್ಟಿಗೆಯೂ ಆ ಪಟ್ಟಿಯಲ್ಲಿದ್ದರೆ ಗತಿಯೇನು? ಅದರೊಳಗೆ ಅಜ್ಜನ ಇನ್ಸುಲಿನ್ ಇದ್ದೀತು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಯಂತ್ರವು ಅಪ್ಪಣೆಯನ್ನು ಅಕ್ಷರಶಃ ಪಾಲಿಸಿತು, ಔಷಧವು ಕೆಟ್ಟಿತು! ಆದುದರಿಂದ ಯಾವ ಉಪಕರಣಗಳು ಏಜೆಂಟನ ಕಣ್ಣಿಗೆ ಕಾಣಬೇಕು, ಯಾವುವು ಕಾಣಬಾರದು ಎಂಬುದನ್ನು ಮನೆಯವರು ಮೊದಲೇ ನಿಶ್ಚಯಿಸಬೇಕು. ಹೋಮ್ ಅಸಿಸ್ಟಂಟಿನಲ್ಲಿ ಇದಕ್ಕೆ ಅನುಕೂಲವಿದೆ. ಹುಡುಕಿದಾಗ ದೊರೆಯದ ವಸ್ತುವನ್ನು ಯಂತ್ರವು ಮುಟ್ಟಲಾರದು.

ಒಳ್ಳೆಯ ಸೇವಕನ ಲಕ್ಷಣಗಳು ಹೀಗಿವೆ: ಎರಡು ಹೆಸರುಗಳು ಹೊಂದಿದರೆ ಯಾವುದೆಂದು ಕೇಳುವುದು, ಒಂದೂ ಹೊಂದದಿದ್ದರೆ ಊಹಿಸದೆ ಇಲ್ಲವೆನ್ನುವುದು, ಕಾರ್ಯವಾದ ಬಳಿಕ ದೀಪವು ನಿಜವಾಗಿ ಆರಿದೆಯೇ ಎಂದು ನೋಡುವುದು. ಇವು ಯಂತ್ರಕ್ಕೆ ಮಾತ್ರವಲ್ಲ, ನಮಗೂ ಸಲ್ಲುವ ಗುಣಗಳಲ್ಲವೇ? ಡಬ್ಬಿಯ ಗುರುತು ಅಳಿಸಿದರೆ ಒಬ್ಬನ ಊಟ ತಪ್ಪೀತು. ಮನೆಯ ಗುರುತು ತಪ್ಪಿದರೆ ಅಜ್ಜನ ಆರೋಗ್ಯಕ್ಕೇ ಕೇಡಾದೀತು. ಯಂತ್ರವು ಎಷ್ಟೇ ಚತುರವಾಗಲಿ, ಸರಿಯಾಗಿ ಹೆಸರಿಡುವ ಹೊಣೆ ನಮ್ಮದೇ.

ಅಭ್ಯಾಸ
1. ನಿಮ್ಮ ಮನೆಯ ಹತ್ತು ವಿದ್ಯುತ್ ಉಪಕರಣಗಳ ಜಾತಿ, ಕೋಣೆ, ಮನೆಯವರು ಕರೆಯುವ ಹೆಸರು ಇವುಗಳನ್ನು ಪಟ್ಟಿ ಮಾಡಿರಿ.
2. ಅವುಗಳಲ್ಲಿ ಯಾವುವನ್ನು ಯಂತ್ರಸೇವಕನ ಕೈಗೆ ಒಪ್ಪಿಸಬಾರದು? ಕಾರಣ ಕೊಡಿರಿ.
3. "ಫ್ಯಾನು ಹಾಕು" ಎಂಬ ಅಪ್ಪಣೆ ಬಂದಾಗ, ಮೂರು ಫ್ಯಾನುಗಳಿರುವ ಮನೆಯಲ್ಲಿ ಏಜೆಂಟನು ಏನು ಮಾಡಬೇಕು?